ಸಾಹೇಬರ ಗಿರಣಿ ಕನ್ನಡ

ಮೂರು ದಿನ ಜ್ವರದಿಂದ ನಿದ್ದೆಗೆಟ್ಟಿದ್ದ ನಮ್ಮ ಕೂಸು ಅಂದು ಮಧ್ಯಾಹ್ನ ಆಗಷ್ಟೇ ಕಣ್ಣು ಮುಚ್ಚಿತ್ತು. ನೋಡಿ ಹೋಗಲು ಬಂದ ನಮ್ಮ ಗಿರಣಿಯ ಇಂಗ್ಲಿಷ್ ಸಾಹೇಬರು ತೊಟ್ಟಿಲ ಹತ್ತಿರ ನಿಂತು, ನನ್ನ ಕಿವಿಗೆ ಬಾಯಿ ಹಚ್ಚಿ, "ಕೂಸು ಮಲಗೇತೇನ್ರಿ?" ಎಂದು ಒದರಿದರು.

ಕೂಸು ಎದ್ದು ಚೀರಿತು. ಬಾಜೂ ಮನೆಯ ನಾಯಿಯೂ ಬೊಗಳಿತು.

ಪಾಪ, ಅವರದೇನು ತಪ್ಪು? ನಮ್ಮ ಗಿರಣಿಯ ಊರು ಫಾಲ್ಸಿಗೆ ಬಂದ ಮೇಲೆ ಪುಸ್ತಕ ಮುಟ್ಟದೆ, ಓಡುವ ಮಗ್ಗಗಳ ನಡುವೆ ನಿಂತು ನಮ್ಮಿಂದಲೇ ಕನ್ನಡ ಕಲಿತವರು. ಆ ಸದ್ದಿನಲ್ಲಿ ಕಿವಿಗೆ ಬಾಯಿ ಹಚ್ಚಿ ಒದರದಿದ್ದರೆ ನಮಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಕನ್ನಡ ಆಡುವ ರೀತಿಯೇ ಇದು ಎಂದುಕೊಂಡಿದ್ದರು. ಇಂಗ್ಲಿಷನ್ನು ಮಾತ್ರ ಪಿಸುಗುಟ್ಟಿದಂತೆ ಆಡುತ್ತಿದ್ದರು.

"ಸಾಹೇಬ್ರ, ಮೆಲ್ಲಕ ಮಾತಾಡ್ರಿ!" ಎಂದೆ.

ಅವರು ಕಣ್ಣರಳಿಸಿ ಮತ್ತೆ ನನ್ನ ಕಿವಿಯ ಹತ್ತಿರ ಬಂದರು: "ಕನ್ನಡಾನ ಮೆಲ್ಲಕ ಮಾತಾಡಾಕ ಬರತೈತೇನ್ರಿ?"

ಹೆಂಡತಿ ಕೂಸನ್ನು ಎತ್ತಿಕೊಂಡು ನನ್ನನ್ನೇ ದುರುಗುಟ್ಟಿ ನೋಡಿದಳು. "ಅವ್ರಿಗೇನ್ ಹೇಳ್ತೀರಿ? ನೀವೂ ಒದರಾಕತ್ತೀರಲ್ಲ!"

ಆ ಕೂಸಿಗೆ ಈಗ ಐದು ವರ್ಷ. ನಾನು ಗಿರಣಿಯಿಂದ ಬರುವುದನ್ನು ಕಂಡರೆ ಸಾಕು, ನಗುತ್ತ ಎದುರಿಗೆ ಓಡಿ ಬರುತ್ತಾಳೆ, ಎರಡೂ ಕಿವಿ ಮುಚ್ಚಿಕೊಂಡು.