ನೀಲಿ ಚೌಕದೊಳಗಿನವರು

ಕಚೇರಿಯಲ್ಲಿ ಎಲ್ಲರಿಗೂ ಅವಳು ಚೌಕದಕ್ಕ. ಆರು ವರ್ಷದಿಂದ ಅವಳ ಕೆಲಸವೇ ಅದು. ವೀಡಿಯೊವನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ, ಚಲಿಸುವುದರ ಸುತ್ತ ಕೆಂಪು ಚೌಕ, ನಿಂತದ್ದರ ಸುತ್ತ ನೀಲಿ ಚೌಕ ಎಳೆಯಬೇಕು. ಆ ಚೌಕಗಳನ್ನು ನೋಡಿ ನೋಡಿ ಕಂಪ್ಯೂಟರಿನ ನರಜಾಲ ಚಲನೆ ಅಂದರೇನೆಂದು ಕಲಿಯುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ‘ಕಣ್ಣು’. ಚೌಕದಕ್ಕನ ಕೈ ಬಲು ಚುರುಕು. ಅಕ್ಕಪಕ್ಕದ ಎರಡೇ ಚಿತ್ರ ನೋಡುವಳು, ವ್ಯತ್ಯಾಸ ಕಾಣದಿದ್ದರೆ ನೀಲಿ, ಮುಗಿಯಿತು. ಆ ಹಾಳು ಚುರುಕೇ ಮುಳುವಾಯಿತು.

ಅವತ್ತು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಮೇಲ್ವಿಚಾರಕ ಬಂದು, "ಅಕ್ಕಾ, ನಮ್ಮ ಕಣ್ಣನ್ನ ಪಕ್ಕದ ಗೋದಾಮಿನ ಗಾಡಿಗೆ ಹಾಕಿದ್ದಾರೆ. ಡ್ರೈವರ್ರೇ ಬೇಡ. ಚಲಿಸೋದು ಕಂಡ್ರೆ ನಿಲ್ಲುತ್ತೆ. ನಿಂತಿದ್ದು ಕಂಡ್ರೆ ಒಂದು ಗೇಣು ಬಿಟ್ಟು ಹೋಗ್ತಾ ಇರುತ್ತೆ," ಎಂದ.

ಆ ಗೋದಾಮಿನಲ್ಲಿ ಕಸ ಗುಡಿಸುವವನು ಅವಳ ಅಪ್ಪ. ಮಂಡಿ ಸವೆದ ಮೇಲೆ, ಅವನ ಎರಡು ಹೆಜ್ಜೆಗಳ ನಡುವೆ ಒಂದು ನಿದ್ದೆ ತೆಗೆಯಬಹುದು ಅಂತ ಅವಳೇ ರೇಗಿಸುತ್ತಿದ್ದಳು. ವೀಡಿಯೊಗಳಲ್ಲಿ ಅಂಥ ನಿಧಾನ ನಡಿಗೆಯವರು ಎಷ್ಟೋ ಜನ ಬಂದುಹೋಗಿದ್ದರು. ಅಕ್ಕಪಕ್ಕದ ಚಿತ್ರಗಳಲ್ಲಿ ಅವರು ಅಲುಗಿದ್ದೇ ಕಾಣುತ್ತಿರಲಿಲ್ಲ. ಎಲ್ಲರಿಗೂ ನೀಲಿ ಎಳೆದಿದ್ದಳು.

ಫೋನ್ ಮಾಡಿದಳು, ಅಪ್ಪ ಎತ್ತಲಿಲ್ಲ. ಬಿದ್ದಂಬೀಳ ಓಡಿದಳು. ಗೋದಾಮಿನಲ್ಲಿ, ಪೆಟ್ಟಿಗೆಗಳ ಎರಡು ಸಾಲಿನ ನಡುವೆ, ಅಪ್ಪ ಪೊರಕೆ ಹಿಡಿದು ಮೆಲ್ಲಗೆ ಒಂದು ಬದಿಗೆ ಸರಿಯುತ್ತಿದ್ದ. ಹಿಂದಿನಿಂದ ಗಾಡಿ ಸದ್ದಿಲ್ಲದೆ ಬರುತ್ತಿತ್ತು. ವೇಗ ಒಂದಿಷ್ಟೂ ತಗ್ಗಿರಲಿಲ್ಲ. ಪಕ್ಕಕ್ಕೆ ಬಾ ಅಂತ ಕೂಗಲು ಬಾಯಿ ತೆರೆದವಳು ಮಾತು ನುಂಗಿಕೊಂಡಳು. ಗಾಡಿ ಅವನನ್ನು ನಿಂತವನೆಂದೇ ಎಣಿಸಿ ಪಕ್ಕದಲ್ಲಿ ಒಂದು ಗೇಣು ಬಿಟ್ಟು ಬರುತ್ತಿತ್ತು; ಅವನು ಇನ್ನೊಂದು ಹೆಜ್ಜೆ ಸರಿದರೆ ಅದರ ದಾರಿಗೇ ಬೀಳುತ್ತಿದ್ದ.

"ಅಪ್ಪಾ, ಅಲ್ಲಾಡ್ಬೇಡ. ಕಂಬದ ಹಾಗೆ ನಿಂತ್ಕೋ."

ಮಗಳ ದನಿ ಕೇಳಿ ಅಪ್ಪ ಇದ್ದಲ್ಲೇ ನಿಂತ. ಗಾಡಿ ಒಂದು ಗೇಣು ಬಿಟ್ಟು ಹಾದುಹೋಯಿತು. ಅವನ ಅಂಗಿಯ ತುದಿ ಅಲುಗಿತು.

"ಯಾಕಮ್ಮ, ನಾನು ಅದರ ಕಣ್ಣಿಗೆ ಕಾಣಲ್ವಾ?"

"ಕಾಣ್ತೀಯಪ್ಪ. ನೀನು ನಡೀತಿದ್ದೀಯ ಅಂತ ಗೊತ್ತಾಗಲ್ಲ. ನಾನೇ ಹೇಳಿಕೊಡ್ಲಿಲ್ಲ."

ಅಪ್ಪನನ್ನು ಬಾಗಿಲಾಚೆ ಕೂರಿಸಿ ಮೇಲ್ವಿಚಾರಕನಿಗೆ ಫೋನ್ ಮಾಡಿದಳು. ತಾನು ಮಾಡಿದ್ದನ್ನೆಲ್ಲ ಮುಚ್ಚುಮರೆ ಇಲ್ಲದೆ ಹೇಳಿ, "ಮೊದಲು ಗಾಡಿ ನಿಲ್ಲಿಸಿ ಸರ್. ಈ ಕಣ್ಣನ್ನ ಬೇರೆ ಎಲ್ಲಾದ್ರೂ ಹಾಕಿದ್ದೀರಾ?" ಎಂದಳು.

ಆ ಕಡೆ ಹಾಳೆ ಮಗುಚುವ ಸದ್ದು ಕೇಳಿಸಿತು.

"ಆಸ್ಪತ್ರೆಯಲ್ಲಿ ಅಕ್ಕಾ. ಮಂಡಿ, ಸೊಂಟ ಆಪರೇಷನ್ ಆದವರ ವಾರ್ಡಲ್ಲಿ. ಊಟ ತಗೊಂಡು ಹೋಗೋ ಗಾಡಿಗೆ."

ಚೌಕದಕ್ಕ ಗೋದಾಮಿನ ಗಡಿಯಾರ ನೋಡಿದಳು. ಊಟದ ಹೊತ್ತಾಗಿತ್ತು.