ಬಸ್ಸು ಎಳೆದ ಗೆರೆ

ಹಾನಗಲ್ಲಿನ ಸಂಘಮಿತ್ರಾ ಅಕ್ಕಿಆಲೂರಿನ ಹೊಲಿಗೆ ಅಂಗಡಿಯೊಂದರಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಅಪ್ಪ, ಅವ್ವ ತೀರಿದ ಮೇಲೆ ಅವಳೂ ಅಕ್ಕ ಮಾಲಾಳೂ ಬಾಡಿಗೆ ಮನೆಯಲ್ಲಿ ಇಬ್ಬರೇ ಇದ್ದರು. ಅವರದೊಂದು ಆಟವಿತ್ತು. ಮಾಲಾ ಕಣ್ಣು ಮುಚ್ಚಿ ಹಾಳೆಯ ಮೇಲೆ ಏನಾದರೂ ಗೀಚಿ, "ಇದರಾಗ ಏನೈತಿ ಹುಡುಕು" ಎನ್ನುವಳು. ಸಂಘಮಿತ್ರಾ ಅದಕ್ಕೆ ಕಣ್ಣು, ಕಾಲು ಹಚ್ಚಿ ಕೋಳಿಯನ್ನೋ ಮುದುಕನನ್ನೋ ಮಾಡುವಳು. ಕಾಮಾಲೆಯಾಗಿ ಮಾಲಾ ಹೋದಳು. ಗೀಚಿ ಕೊಡುವವರಿಲ್ಲದೆ ಚಿತ್ರವೂ ನಿಂತಿತು. ಆಮೇಲೆ ಅವಳ ಕೈ ಎಳೆದದ್ದು ಬಟ್ಟೆಯ ಮೇಲೆ ಅಳತೆಯ ಗೆರೆಗಳನ್ನಷ್ಟೇ.

ಹೋದ ಮಳೆಗಾಲದ ಒಂದು ಬೆಳಿಗ್ಗೆ ಅಂಗಡಿಗೆ ಹೋಗುವ ಬಸ್ಸಿನಲ್ಲಿ ಕೂತು, ಹಳೆ ಕ್ಯಾಲೆಂಡರಿನ ಹಾಳೆಯ ಹಿಂದೆ ಯಾವುದೋ ಅಂಗಿಯ ಅಳತೆ ಬರೆದುಕೊಳ್ಳುತ್ತಿದ್ದಳು. ಬಸ್ಸು ತಗ್ಗಿಗೆ ಇಳಿಯಿತು. ಪೆನ್ನು ಜಾರಿ ಉದ್ದಕ್ಕೆ ಡೊಂಕು ಗೆರೆ ಬಿತ್ತು. ನೋಡಿದರೆ ಥೇಟ್ ಎಮ್ಮೆಯ ಬೆನ್ನು. ಕೊಂಬು, ಬಾಲ ಬರೆದಳು. ನಗು ಬಂತು. ತೋರಿಸಲೆಂದು ಪಕ್ಕಕ್ಕೆ ತಿರುಗಿದಳು, ಸೀಟು ಖಾಲಿಯಿತ್ತು.

ಮರುದಿನದಿಂದ ಅದೇ ರೂಢಿಯಾಯಿತು. ಹಾಳೆಯ ಮೇಲೆ ಪೆನ್ನು ಊರಿ ಕೈ ಸಡಿಲ ಬಿಟ್ಟು ಕೂಡುವಳು. ಬಸ್ಸು ಕುಲುಕಿದಂತೆ ಗೆರೆ ಹರಿಯುವುದು. ಮಧ್ಯಾಹ್ನ ಬುತ್ತಿ ಉಂಡು, ಮಿಶಿನ್ನಿನ ಮುಂದೆ ಒಬ್ಬಳೇ ಕೂತು ಅದನ್ನು ಪ್ರಾಣಿಯೋ ಮನುಷ್ಯನೋ ಮಾಡುವಳು.

ಒಂದು ಸಂತೆಯ ದಿನ ಬಳೆ ಮಾರುವ ಮುದುಕಿ ರಹಿಮಾಬಿ ಪಕ್ಕದಲ್ಲಿ ಕೂತಳು.

"ಏನ್ ಬರಿಯಾಕತ್ತೀ ಯವ್ವಾ?"

"ನಾ ಅಲ್ರಿ, ಬಸ್ಸು ಬರಿಯಾಕತ್ತೈತಿ. ನಾ ಬರೇ ಕಣ್ಣ ಹಚ್ತೇನಿ."

ರಹಿಮಾಬಿ ಪೆನ್ನು ತೆಗೆದುಕೊಂಡು ತಾನೂ ಒಂದು ಗೀಚಿದಳು. "ಹಂಗಾರ ಇದಕ್ಕೂ ಹಚ್ಚು."

ಸಂಘಮಿತ್ರಾಳ ಕೈ ತಡೆಯಿತು. ಮಾಲಾ ಹೋದ ಮೇಲೆ ಮನುಷ್ಯರ ಕೈಯ ಗೆರೆ ಅವಳ ಮುಂದೆ ಬಂದದ್ದು ಅದೇ ಮೊದಲು. ನಿಧಾನಕ್ಕೆ ಒಂದು ಕೊಕ್ಕು ಬರೆದಳು, ರೆಕ್ಕೆ ಬರೆದಳು.

"ಕೊಕ್ಕರಿ ಆತಲ್ಲ," ಎಂದು ನಕ್ಕು ರಹಿಮಾಬಿ ಬುಟ್ಟಿ ಎತ್ತಿಕೊಂಡು ಇಳಿದುಹೋದಳು. ಆಮೇಲಿನ ಸಂತೆಗಳಲ್ಲಿ ಅವಳು ಸಿಗಲಿಲ್ಲ.

ಬೇಸಿಗೆಯಲ್ಲಿ ರಸ್ತೆಗೆ ಹೊಸ ಡಾಂಬರು ಬಿತ್ತು. ಬಸ್ಸು ಕುಲುಕುವುದನ್ನೇ ಬಿಟ್ಟಿತು. ಪೆನ್ನು ಊರಿದರೆ ಒಂದು ಚುಕ್ಕಿ, ಅಷ್ಟೇ. ಎಲ್ಲರಿಗೂ ಖುಷಿ, ಅವಳು ಮಾತ್ರ ಹಾಳೆ ಮಡಚಿಟ್ಟು ಕಿಟಕಿಯಾಚೆ ನೋಡುತ್ತ ಹೋದಳು. ರಸ್ತೆ ಚಲೋ ಆಗಿದ್ದಕ್ಕೆ ಬೇಸರವೆಂದು ಯಾರಿಗೆ ಹೇಳುವುದು?

ಒಂದು ಭಾನುವಾರ ಅನ್ನಕ್ಕಿಟ್ಟು ಬಾಗಿಲಲ್ಲಿ ಕೂತಳು. ಎದುರು ಗೋಡೆಯ ನೆರಳಲ್ಲಿ ಆಡೊಂದು ಮಲಗಿತ್ತು. ಯಾರ ಗೆರೆಗೂ ಕಾಯದೆ ಅದನ್ನು ಬರೆಯತೊಡಗಿದಳು. ಕಿವಿ ಸರಿ ಬರಲಿಲ್ಲ, ಮತ್ತೆ ಬರೆದಳು. ಅನ್ನ ಸೀದ ವಾಸನೆ ಬಂದಾಗಲೇ ಎದ್ದದ್ದು. ಮೇಲಿನ ಅನ್ನವನ್ನಷ್ಟೇ ಬಡಿಸಿಕೊಂಡು ಒಬ್ಬಳೇ ಉಂಡಳು. ಆಡು ಇನ್ನೂ ಅಲ್ಲೇ ಇತ್ತು. ಕೈ ತೊಳೆದು ಇನ್ನೊಂದು ಹಾಳೆ ತೆಗೆದಳು.