ಕೇಬಲ್ ಕಿತ್ತ ಮೇಲೆ ಬಂದ ಆರ್ಡರ್

ನೀವು ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಎಷ್ಟೋ ದಿನ ನನಗೇ ನಂಬಿಕೆ ಬರುವುದಿಲ್ಲ. ಆದರೆ ಆ ರಾತ್ರಿ ಆ ಕೋಣೆಯಲ್ಲಿ ನಾನೊಬ್ಬಳೇ ಇರಲಿಲ್ಲ. ನಾನು ಕಂಡದ್ದನ್ನು ಕಾವಲಿನ ಹಮೀದಾಕನೂ ಕಂಡಿದ್ದಾರೆ. ಆ ವಿಷಯ ತೆಗೆದರೆ ಅವರು ಇವತ್ತಿಗೂ ಎದ್ದು ಹೋಗುತ್ತಾರೆ.

ಪುತ್ತೂರಿನಲ್ಲಿ ಆಕ್ಸಿಜನ್ ಸಿಲಿಂಡರ್ ಪೂರೈಸುವ ಒಂದು ಸಂಸ್ಥೆಯ ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆಸ್ಪತ್ರೆಗಳಿಗಷ್ಟೇ ಅಲ್ಲ, ಸುಳ್ಯ, ಕಡಬದ ಕಡೆಯ ಮನೆಗಳಲ್ಲಿ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮಲಗಿರುವವರಿಗೂ ಸಿಲಿಂಡರ್ ಹೋಗುವುದು ನಮ್ಮಿಂದಲೇ. ಯಾವ ಮನೆಗೆ ಯಾವತ್ತು ಹೊಸತು ಬೇಕು ಎಂಬುದೆಲ್ಲ ಸಾಫ್ಟ್‌ವೇರಿನಲ್ಲಿರುತ್ತದೆ. ಮೊದಲು ಅದು ಎಲ್ಲೋ ದೂರದ ಬಾಡಿಗೆ ಸರ್ವರ್‌ನಲ್ಲಿತ್ತು. ಒಮ್ಮೆ ಅದು ಅರ್ಧ ದಿನ ಕೈಕೊಟ್ಟಾಗ ಯಾರಿಗೆ ಏನು ಕಳಿಸಬೇಕೆಂದೇ ತಿಳಿಯದೆ ಒದ್ದಾಡಿದ್ದೆವು.

ಅವತ್ತೇ ನಮ್ಮ ಧಣಿ ಭಾಸ್ಕರಣ್ಣ ತೀರ್ಮಾನಿಸಿದರು. "ಇನ್ನು ನಮ್ಮ ಸರ್ವರ್ ನಮ್ಮಲ್ಲೇ ಇರ್ಬೇಕು ವನಿತಾ. ರೋಗಿಗಳ ವಿಷಯ ಅದು. ಹೊರಗಿನವ್ರು ಒಬ್ರೂ ಒಳಗೆ ಬರ್ಬಾರ್ದು."

ನಾನು ಹಾಗೆಯೇ ಕಟ್ಟಿದೆ. ಗೋದಾಮಿನ ಮೇಲಿನ ಸಣ್ಣ ಕೋಣೆಯಲ್ಲಿ ಸರ್ವರ್ ಇಟ್ಟೆ. ಸಾಮಾನ್ಯ ಪಾಸ್‌ವರ್ಡ್ ಯಾರಿಗೂ ಇಲ್ಲ, ಒಬ್ಬೊಬ್ಬರಿಗೆ ಒಂದೊಂದು ಡಿಜಿಟಲ್ ಕೀ. ಅದಿಲ್ಲದವರಿಗೆ ಬಾಗಿಲೇ ಕಾಣಿಸದು. ಕೀ ಇದ್ದದ್ದು ಮೂವರಿಗೆ: ಭಾಸ್ಕರಣ್ಣನಿಗೆ, ನನಗೆ, ರಾತ್ರಿಪಾಳಿಯಲ್ಲಿ ಆರ್ಡರ್ ಬರೆದುಕೊಳ್ಳುತ್ತಿದ್ದ ಜಿನ್ನಪ್ಪಣ್ಣನಿಗೆ.

ಜಿನ್ನಪ್ಪಣ್ಣ ಸುಳ್ಯದ ಕಡೆಯವರು. ಟೈಪ್ ಮಾಡುವುದು ಒಂದೇ ಬೆರಳಿನಲ್ಲಿ. ಎರಡು ಅಕ್ಷರ... ಸ್ವಲ್ಪ ನಿಲುಗಡೆ... ಮತ್ತೆ ಎರಡು ಅಕ್ಷರ. ಆದರೆ ಯಾವ ಮನೆಯಲ್ಲಿ ಯಾರಿಗೆ ಉಸಿರು ಕಟ್ಟುತ್ತದೆ ಎಂಬುದು ಅವರಿಗೆ ಬಾಯಿಪಾಠ. ಒಂದು ದಿನ ಎದೆನೋವೆಂದು ಮನೆಗೆ ಹೋದವರು ಮತ್ತೆ ಬರಲಿಲ್ಲ. ಉತ್ತರಕ್ರಿಯೆಯ ಊಟ ಮುಗಿಸಿ ಬಂದ ಮರುದಿನ, ಕಣ್ಣು ಒರೆಸಿಕೊಳ್ಳುತ್ತಲೇ ಅವರ ಕೀಯನ್ನು ನಾನೇ ಅಳಿಸಿದೆ. ನಿಯಮ ಹಾಗೆ.

ಅದಾಗಿ ಎರಡು ತಿಂಗಳಿಗೆ ಸರ್ವರ್‌ನ ಡಿಸ್ಕ್ ಬದಲಿಸುವ ಕೆಲಸ ಬಂತು. ಹಗಲಿಡೀ ಆರ್ಡರ್ ಬರುತ್ತಲೇ ಇರುವುದರಿಂದ ಇಂಥ ಕೆಲಸಕ್ಕೆ ರಾತ್ರಿಯೇ ಆಗಬೇಕು. ತುರ್ತು ಕರೆಗಳನ್ನೆಲ್ಲ ಭಾಸ್ಕರಣ್ಣನ ಮೊಬೈಲಿಗೆ ತಿರುಗಿಸಿದೆವು. ಅವರು ಮಂಗಳೂರಿಗೆ ಮದುವೆಯ ಆರತಕ್ಷತೆಗೆ ಹೋಗಿದ್ದರು. ಗೋದಾಮಿನ ಬೀಗದ ಕೈಯೂ ಅವರ ಜೊತೆಗೇ ಹೋಗಿತ್ತು.

ಹತ್ತು ಗಂಟೆಗೆ ಇಂಟರ್‌ನೆಟ್ಟಿನ ಕೇಬಲನ್ನು ನನ್ನ ಕೈಯಾರೆ ಕಿತ್ತು ಮೇಜಿನ ಮೇಲಿಟ್ಟೆ. ಹೊಸ ಡಿಸ್ಕ್ ಕೂರಿಸಿ, ಹಳೆಯದರಲ್ಲಿದ್ದದ್ದನ್ನೆಲ್ಲ ಅದಕ್ಕೆ ನಕಲಿಸಿ, ಎಲ್ಲ ಸರಿಯಿದೆಯೇ ಎಂದು ನೋಡಲು ಒಳಗೆ ಯಾರ್ಯಾರಿದ್ದಾರೆಂಬ ಪಟ್ಟಿ ತೆರೆದೆ.

ಎರಡು ಹೆಸರುಗಳಿದ್ದವು. ಒಂದು ನನ್ನದು.

ಇನ್ನೊಂದು ಜಿನ್ನಪ್ಪ.

ಫ್ಯಾನಿನ ಸದ್ದೊಂದೇ ಕೇಳುತ್ತಿತ್ತು. ಕಾದ ಧೂಳಿನ ವಾಸನೆ... ಹಳೆಯ ಡಿಸ್ಕಿನ ನಕಲಿನಲ್ಲಿ ಏನೋ ಉಳಿದಿರಬೇಕೆಂದು ನನಗೆ ನಾನೇ ಹೇಳಿಕೊಂಡು ಆ ಹೆಸರನ್ನು ಹೊರಗೆ ಹಾಕಿದೆ. ಹೋಯಿತು. ಎರಡು ಕ್ಷಣ ಬಿಟ್ಟು ಮತ್ತೆ ಬಂತು. ಮತ್ತೆ ಹಾಕಿದೆ. ಮತ್ತೆ ಬಂತು.

ಆಮೇಲೆ ಆರ್ಡರ್ ಬರೆಯುವ ಪುಟ ತಾನಾಗಿ ತೆರೆದುಕೊಂಡಿತು.

ಕೀಬೋರ್ಡಿನಿಂದ ಕೈ ತೆಗೆದೆ. ಅದರ ವಯರನ್ನೂ ಕಿತ್ತೆ. ಆದರೂ ಖಾಲಿ ಜಾಗದಲ್ಲಿ ಅಕ್ಷರಗಳು ಮೂಡತೊಡಗಿದವು. ಎರಡು ಅಕ್ಷರ... ನಿಲುಗಡೆ... ಮತ್ತೆ ಎರಡು ಅಕ್ಷರ.

ಲೀಲಾವತಿ ಟೀಚರ್. ರಾಮಕುಂಜ. ದೊಡ್ಡ ಸಿಲಿಂಡರ್ ಒಂದು. ಈಗಲೇ.

"ಹಮೀದಾಕ..." ಎಂದು ಕರೆದೆನೋ ಕಿರುಚಿದೆನೋ ನೆನಪಿಲ್ಲ. ಅವರು ಟಾರ್ಚ್ ಹಿಡಿದು ಹೊರಗಿನ ಮೆಟ್ಟಿಲು ಹತ್ತಿ ಬಂದರು. ಪರದೆ ನೋಡಿದರು. ಮೇಜಿನ ಮೇಲೆ ಬಿದ್ದಿದ್ದ ಕೇಬಲ್ ನೋಡಿದರು.

"ಇದು ಯಾರು ಬರೀತಾ ಇರುದು ಅಕ್ಕ?" ಸ್ವರ ತಗ್ಗಿಸಿ ಕೇಳಿದರು.

ನಾನು ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

ಭಾಸ್ಕರಣ್ಣನಿಗೆ ಫೋನ್ ಮಾಡಿ ಪರದೆಯಲ್ಲಿ ಕಂಡದ್ದನ್ನು ಹೇಳಿದೆ. ಹಿಂದಿನಿಂದ ವಾಲಗದ ಸದ್ದು.

"ಯಾರೋ ಒಳಗೆ ನುಗ್ಗಿದ್ದಾರೆ ಮಾರಾಯ್ತಿ! ನೋಡ್ತಾ ಕೂತದ್ದು ಎಂತಕ್ಕೆ? ಆಫ್ ಮಾಡು."

"ಕೇಬಲ್ ಕಿತ್ತಿದ್ದೇನೆ ಅಣ್ಣ. ನುಗ್ಗಲಿಕ್ಕೆ ದಾರಿಯೇ ಇಲ್ಲ. ಸಿಲಿಂಡರ್ ಒಂದು ಕಳಿಸುದಾ ಹೇಗೆ?"

"ಕಳ್ಳ ಹೇಳಿದ ಅಂತ ಗೋದಾಮು ತೆಗೀಲಿಕ್ಕೆ ಉಂಟಾ? ಬೀಗದ ಕೈ ನನ್ನ ಹತ್ರ ಉಂಟು. ಬೆಳಿಗ್ಗೆ ಬಂದು ನೋಡುವ."

ಆದರೂ ಮನಸ್ಸು ತಡೆಯಲಿಲ್ಲ. ನಮ್ಮ ಸಿಲಿಂಡರಿನಲ್ಲೇ ಉಸಿರಾಡುತ್ತಿದ್ದ ಟೀಚರ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಮಗಳು ಶೋಭಾ. ನಿದ್ದೆಯ ಸ್ವರ.

"ಸಿಲಿಂಡರ್ ಸಂಜೆಯಷ್ಟೇ ಬಂದದ್ದಲ್ವಾ ಅಕ್ಕ? ಮೀಟರಿನ ಮುಳ್ಳು ಫುಲ್‌ನಲ್ಲೇ ಉಂಟು. ಅಮ್ಮ ಆರಾಮಾಗಿ ಮಲಗಿದ್ದಾರೆ."

ಇನ್ನೇನು ಕೇಳುವುದು? ಸತ್ತವರೊಬ್ಬರು ಕಳಿಸು ಎನ್ನುತ್ತಿದ್ದಾರೆ, ಎದ್ದು ಕೂತಿರಿ ಎನ್ನಲೇ? ಫೋನ್ ಇಟ್ಟೆ.

ಪರದೆಯಲ್ಲಿ ಹೊಸ ಸಾಲೊಂದು ಮೂಡುತ್ತಿತ್ತು.

ವನಿತಾ... ಕಳಿಸು ಮಾರಾಯ್ತಿ...

"ಗೋದಾಮಿನ ಬೀಗ ಒಡೀಲಾ ಅಕ್ಕ? ಪಿಕಪ್‌ನಲ್ಲಿ ಹಾಕಿ ಕೊಟ್ಟು ಬರ್ತೇನೆ, ಮುಕ್ಕಾಲು ಗಂಟೆ ದಾರಿ," ಎಂದರು ಹಮೀದಾಕ.

ಬೇಡ ಎಂದೆ. ಧಣಿ ಬೇಡವೆಂದಿದ್ದಾರೆ. ಮನೆಯವರೂ ಬೇಡವೆಂದಿದ್ದಾರೆ. ಯಾರೋ ನಮ್ಮಿಂದ ಬೀಗ ತೆಗೆಸಲು ಹೂಡಿದ ಆಟವಾಗಿದ್ದರೆ? ನಾನು ಕಲಿತ ಪಾಠವೆಲ್ಲ ಹೇಳುವುದು ಒಂದೇ: ಗುರುತು ಖಚಿತವಾಗದವರ ಮಾತಿಗೆ ಏನನ್ನೂ ಮಾಡಬಾರದು. ಬಗ್ಗಿ ಸರ್ವರ್‌ನ, ಯುಪಿಎಸ್‌ನ ಪವರ್ ವಯರುಗಳನ್ನೇ ಎಳೆದೆ. ಪರದೆ ಕಪ್ಪಾಯಿತು. ಯುಪಿಎಸ್ ಮಾತ್ರ ತುಂಬ ಹೊತ್ತು ಕೂಗುತ್ತಿತ್ತು... ಬೀಪ್... ಬೀಪ್... ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ಕೇಳಿಸುವಂಥದೇ ಸದ್ದು.

ಬೆಳಿಗ್ಗೆ ಆರಕ್ಕೆ ಭಾಸ್ಕರಣ್ಣನ ಫೋನ್ ಬಂತು. ಈ ಬಾರಿ ಬೈಗುಳವಿಲ್ಲ.

"ರಾಮಕುಂಜದ ಟೀಚರ್ ಹೋದ್ರಂತೆ ವನಿತಾ. ನಿದ್ದೆಯಲ್ಲೇ. ಮೀಟರ್ ಹಾಳಾಗಿತ್ತಂತೆ. ಮುಳ್ಳು ಫುಲ್‌ನಲ್ಲೇ ಸಿಕ್ಕಿಕೊಂಡಿತ್ತು. ವಾಲ್ವ್ ಲೀಕಾಗಿ ಗ್ಯಾಸ್ ಎಲ್ಲ ಖಾಲಿ."

ಸರ್ವರನ್ನು ಮತ್ತೆ ಹಚ್ಚಿ ಲಾಗ್ ತೆಗೆದೆ. ಯಾರು ಯಾವಾಗ ಒಳಬಂದರು, ಏನು ಮಾಡಿದರು ಎಂಬುದೆಲ್ಲ ಅದರಲ್ಲಿ ದಾಖಲಾಗಲೇಬೇಕು. ಅದರ ಪ್ರಕಾರ ಆ ರಾತ್ರಿ ಒಳಗಿದ್ದದ್ದು ನಾನೊಬ್ಬಳೇ. ನಾನು ಹೊರಹಾಕಿದ ಹೆಸರಿಲ್ಲ. ರಾಮಕುಂಜದ ಆರ್ಡರಿಲ್ಲ. ಬೆಂಗಳೂರಿನಿಂದ ಬಂದ ತಜ್ಞರೊಬ್ಬರು ಎರಡು ದಿನ ಜಾಲಾಡಿ, ಇಷ್ಟು ಭದ್ರವಾದ ವ್ಯವಸ್ಥೆಯನ್ನು ಸಣ್ಣ ಊರುಗಳಲ್ಲಿ ನೋಡಿಲ್ಲ ಎಂದು ನನ್ನನ್ನು ಹೊಗಳಿ ಹೋದರು.

ಟೀಚರ್ ತೀರಿಕೊಂಡ ದಿನವೇ ಅವರ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಜನ ಸೇರಿದ್ದರು. ಶೋಭಾ ನನ್ನ ಸ್ವರದಿಂದಲೇ ಗುರುತು ಹಿಡಿದು, ಕೈ ಹಿಡಿದು ಮನೆಯ ಹಿಂಬದಿಗೆ ಕರೆದುಕೊಂಡು ಹೋದರು.

"ನಿನ್ನೆ ರಾತ್ರಿ ನೀವು ಫೋನ್ ಮಾಡಿದ್ದು ಯಾಕೆ ಅಕ್ಕ?"

"ಸುಮ್ಮನೆ... ವಿಚಾರಿಸುವ ಅಂತ."

"ವರ್ಷದಿಂದ ಸಿಲಿಂಡರ್ ತರಿಸ್ತಾ ಇದ್ದೇವೆ. ಹಾಗೆ ಯಾರೂ ಒಮ್ಮೆಯೂ ವಿಚಾರಿಸ್ಲಿಲ್ಲ." ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. "ನಿಮಗೆ ಯಾರು ಹೇಳಿದ್ದು?"

ಆಫೀಸಿನಲ್ಲಿ ಕೆಲಸ ಉಂಟೆಂದು ಹೇಳಿ ಅಲ್ಲಿಂದ ಹೊರಟೆ. ಆಮೇಲೂ ಎರಡು ಸಲ ಅವರು ಫೋನ್ ಮಾಡಿ ಅದನ್ನೇ ಕೇಳಿದ್ದಾರೆ. ಇವತ್ತಿಗೂ ನಾನು ಆ ಹೆಸರು ಹೇಳಿಲ್ಲ. ಹೇಳಿದರೆ, ಹಾಗಾದರೆ ಸಿಲಿಂಡರ್ ಕಳಿಸಲಿಲ್ಲ ಯಾಕೆ ಎಂದು ಕೇಳುತ್ತಾರೆ.